ಹುಣ್ಣಿಮೆಗೆ ಮುಂಚಿನ ಸಮುದ್ರ

ಈ ಕಥೆಯನ್ನು ಹೀಗೆ ಮೊದಲು ಹೇಳಿದವರು ಕಮಲಾಪುರದ ನಿವೃತ್ತ ನರ್ಸ್ ಹಣಮಮ್ಮ. ಹೇಳಿದ್ದು 1998ರಲ್ಲಿ, ಚಳಿ ಹಿಂದೆಗೆಯುತ್ತಿದ್ದ ಒಂದು ಸಂಜೆ, ಮಹಾದೇವಪ್ಪನ ಬಾಳೆತೋಟದ ಚಪ್ಪರದಡಿ. ಮರುದಿನ ಕಲಬುರಗಿಯ ಪೇಟೆಗೆ ಹೋಗಬೇಕಾಗಿದ್ದ ಕೆಂಪು ಬಾಳೆಗೊನೆಗಳಿಗೆ ಒಣ ಎಲೆ ಸುತ್ತುತ್ತ ಕೂತವರೇ ಕೇಳುಗರು: ತೋಟದ ಯಜಮಾನ ಮಹಾದೇವಪ್ಪ, ಹಣಮಮ್ಮನವರ ಸೊಸೆ ಗುಂಡಮ್ಮ, ಓಣಿಯ ನಾಲ್ಕಾರು ಹೆಂಗಸರು. ಕಥೆಯೊಳಗೆ ಬರುವ ಭಾಗೀರಥಿಬಾಯಿಯವರೂ ಅಂದು ಕಲಬುರಗಿಯಿಂದ ಬಂದಿದ್ದರು. ಗೋಣಿಚೀಲದ ಮೇಲೆ ಕಾಲು ಚಾಚಿ, ಎಲೆ ಹರಿಯುವ ಕೆಲಸ ತಮ್ಮದೆಂದು ಇಟ್ಟುಕೊಂಡಿದ್ದರು.

ಇದೇ ಕಥೆ ಕಲಬುರಗಿಯ ಗಾಜಿಪುರದಲ್ಲಿ ಇನ್ನೊಂದು ಬಗೆಯಾಗಿ ನಡೆಯುತ್ತದೆ. ಅದನ್ನು ಹೇಳುವವನು ಭಾಗೀರಥಿಬಾಯಿಯವರ ಅಕ್ಕನ ಮಗ ಬಂಡು. ಎರಡೂ ಪಾಠಗಳು ಒಂದೇ ಒಂದು ಕಡೆ ಬೇರೆಯಾಗುತ್ತವೆ. ಅದನ್ನು ಆ ಜಾಗ ಬಂದಾಗ ತಿಳಿಸಲಾಗುವುದು. ಇಲ್ಲಿ ಕೊಟ್ಟಿರುವುದು ಹಣಮಮ್ಮನವರ ಪಾಠ.

ಭಾಗೀರಥಿಬಾಯಿ, ಹಣಮಮ್ಮ ಇಬ್ಬರೂ ಕಮಲಾಪುರದಲ್ಲಿಯೇ ಹುಟ್ಟಿ, ಅಲ್ಲಿಯೇ ನೌಕರಿ ಮಾಡಿದವರು. ಭಾಗೀರಥಿಬಾಯಿಯವರದು ವೈಷ್ಣವರ ಮನೆ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ತವರಿನಲ್ಲಿದ್ದೇ ಓದಿ, ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿದರು. ಹಣಮಮ್ಮನವರು ಅದೇ ಮನೆಯ ಬಾಳೆತೋಟದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸಿನ ಮಗಳು. ಅವರೂ ಓದಿ, ಹೈದರಾಬಾದಿನಲ್ಲಿ ತರಬೇತಿ ಪಡೆದು, ಊರಿನ ಸರಕಾರಿ ದವಾಖಾನೆಗೆ ನರ್ಸಾಗಿ ಬಂದರು. ಜನರ ಬಾಯಲ್ಲಿ ಒಬ್ಬರು ಟೀಚರಬಾಯಿ, ಇನ್ನೊಬ್ಬರು ನರ್ಸಬಾಯಿ. ನಾಲ್ಕು ಜನರೆದುರು ಪರಸ್ಪರ ‘ಬಾಯಾರ’ ಎಂದು, ‘ರೀ’ ಹಚ್ಚಿ ಮಾತಾಡುವರು. ಯಾರೂ ಇಲ್ಲದಾಗ ‘ಭಾಗೀ’, ‘ಹಣಮೀ’.

“ಕಥಿ ಸಮುದ್ರದ್ದ ಖರೆ, ಆದ್ರ ಬಾವಿಯಿಂದ ಸುರು ಮಾಡಬೇಕು,” ಎಂದು ಹಣಮಮ್ಮನವರು ಚಪ್ಪರದ ಆಚೆ ಕೈ ತೋರಿಸಿದರು. “ಈಗ ಮಹಾದೇವಪ್ಪ ಮೋಟಾರ ಕೂಡಿಸ್ಯಾನಲ್ಲ, ಅದ ಬಾವಿ. ಆಗ ಈ ತೋಟ ಟೀಚರಬಾಯಿ ಅಪ್ಪಂದು. ನಮಗ ಬಾವಿ ಮುಟ್ಟಂಗಿರಲಿಲ್ಲ. ನೀರಡಿಸಿದ್ರ ಈಕಿ ಕೊಡ ಜಗ್ಗಿ, ಕಟ್ಟಿ ಹತ್ತಿ ನಿಂತು ಮ್ಯಾಲಿಂದ ಸುರೀತಿದ್ದಳು. ನಾ ಕೆಳಗ ಬೊಗಸಿ ಒಡ್ಡತಿದ್ದೆ. ಅರ್ಧ ಬಾಯಾಗ, ಅರ್ಧ ಮೊಣಕೈಗುಂಟ ಹರದು ನೆಲಕ್ಕ. ಆದ್ರ ಸುಳ್ಳ ಯಾಕ ಹೇಳಲಿ, ಈಕಿ ಸಾವಕಾಶ ಸುರೀತಿದ್ದಳು. ಉಳದವರು ಸುರದ್ರ ಮೂಗಿನಾಗ ಹೋಗತಿತ್ತು.”

“ಅಷ್ಟರ ಮಟ್ಟಿಗೆ ಚಲೋ ಹುಡುಗಿ ಇದ್ದೆನಲ್ಲ?” ಎಂದರು ಭಾಗೀರಥಿಬಾಯಿ, ಎಲೆಯಿಂದ ಕಣ್ಣೆತ್ತದೆ.

“ಅಷ್ಟರ ಮಟ್ಟಿಗೆ,” ಎಂದರು ಹಣಮಮ್ಮ.

ಆ ನಡವಳಿಕೆ ಹೋದದ್ದು ಯಾವಾಗ ಎಂದು ಗುಂಡಮ್ಮ ಕೇಳಿದಳು.

“ಹೋಗಲಿ ಅಂತ ಯಾರೂ ಅನಲಿಲ್ಲ. ಈಕಿಗೆ ವಿಷಮಜ್ವರ ಬಂತು. ಮನಿಮಂದಿ ಎಲ್ಲಾ ಬಾಗಿಲದಾಗ ನಿಂತು ಅಳತಿದ್ದರು. ಹಣಿಗೆ ಒದ್ದಿ ಅರಬಿ ಹಾಕಿದಾಕಿ ನಾನು, ಮೈ ಒರಸಿದಾಕಿ ನಾನು, ಗಂಜಿ ಕುಡಿಸಿದಾಕಿ ನಾನು. ಎದ್ದು ಕುಂತ ಮ್ಯಾಲ ಈಕಿ ಏನೂ ಅನಲಿಲ್ಲ, ನಾನೂ ಕೇಳಲಿಲ್ಲ. ಮುಂದ ಶಾಲ್ಯಾಗ ಒಂದ ಕಪ್ಪಿನ ಚಾ ಇಬ್ಬರೂ ಬಸೀಗಿ ಹಾಕ್ಕೊಂಡು ಕುಡದ್ವಿ. ಅಷ್ಟ.”

ಸಮುದ್ರದ ಮಾತು ಬಂದದ್ದೂ ಆ ಶಾಲೆಯಲ್ಲಿಯೇ. ಮಕ್ಕಳಿಗೆ ಲಸಿಕೆ ಚುಚ್ಚಲು ಬಂದಾಗಲೆಲ್ಲ ಹಣಮಮ್ಮನವರು, ಸೂಜಿ ಕುದಿಯುವ ತನಕ, ಗೋಡೆಯ ಭೂಪಟ ನೋಡುತ್ತ ನಿಲ್ಲುವರು. ಒಮ್ಮೆ ನೀಲಿ ಬಣ್ಣದ ಮೇಲೆ ಬೆರಳಿಟ್ಟು, “ಇದು ಹೆಂಗಿರತದ?” ಎಂದು ಕೇಳಿದರು. ಭಾಗೀರಥಿಬಾಯಿ ಉಬ್ಬರ, ಇಳಿತ, ಉಪ್ಪು ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆಯೇ ಹೇಳಿದರು.

“ಅದು ಪುಸ್ತಕದಾಗ ಅದ. ಹೆಂಗಿರತದ ಅಂತ ಕೇಳಿದೆ.”

ಭಾಗೀರಥಿಬಾಯಿ ಮಕ್ಕಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ನಾ ಎಲ್ಲಿ ನೋಡೀನಿ?” ಎಂದರು.

ಅಂದೇ ಇಬ್ಬರೊಳಗೆ ಮಾತಾಯಿತು. ಒಬ್ಬರ ನೌಕರಿ ಮುಗಿದ ಮೇಲೆ ಇಬ್ಬರೂ ಹೋಗಬೇಕು; ಇಬ್ಬರೂ ಕೂಡಿಯೇ ನೀರಿಗೆ ಕಾಲಿಡಬೇಕು. ಈ ಎರಡನೆಯ ಶರತ್ತು ಹಣಮಮ್ಮನವರದು. ಯಾಕೆಂದು ಕೇಳಿದ್ದಕ್ಕೆ, “ಎಲ್ಲಾದಕ್ಕೂ ನೀನ ಮುಂದ ಹೋಗಬೇಕೇನು?” ಎಂದಿದ್ದರಂತೆ.

ಭಾಗೀರಥಿಬಾಯಿ ನಿವೃತ್ತರಾಗಿ, ಕಮಲಾಪುರ ಬಿಟ್ಟು, ಗಾಜಿಪುರದ ಅಕ್ಕ ಮಥುರಾಬಾಯಿಯವರ ಮನೆ ಸೇರಿದ ಮರುವರ್ಷ, ಎಂದರೆ 1992ರ ಮಾರ್ಚಿನಲ್ಲಿ, ಆ ಮಾತು ಕೈಗೂಡಿತು. ಏರ್ಪಾಡು ಬಂಡುವಿನದು. ಅವನು ಕಲಬುರಗಿಯ ಜಗತ್ ವೃತ್ತದ ಹತ್ತಿರದ ಬ್ಯಾಂಕೊಂದರಲ್ಲಿ ಗುಮಾಸ್ತ. ಕಾರವಾರಕ್ಕೆ ವರ್ಗವಾಗಿ ಹೋದ ಗೆಳೆಯನೊಬ್ಬ ಅವನಿಗೆ ತಿಳಿಸಿದ್ದ: ಪರೀಕ್ಷೆಯ ತಿಂಗಳಲ್ಲಿ ಇಲ್ಲಿಗೆ ಯಾರೂ ಬರುವುದಿಲ್ಲ, ಲಾಡ್ಜುಗಳು ಖಾಲಿ, ಬಿಸಿಲು ಹಿತ, ಸಮುದ್ರ ಶಾಂತ.

“ಸೀಜನ್ ಇಲ್ಲದಾಗ ಹೋಗೋದ ಶಾಣ್ಯಾತನ, ಮಾವಶಿ,” ಎಂದು ಬಂಡು ಚಿಕ್ಕಮ್ಮನಿಗೆ ಹೇಳಿದ. “ಮಂದಿ ಇಲ್ಲ, ಗದ್ದಲ ಇಲ್ಲ. ಸಮುದ್ರ ನಿಮ್ಮಿಬ್ಬರ ಮನಿ ಹಿತ್ತಲ ಇದ್ದಂಗ.”

ಮಥುರಾಬಾಯಿಯವರು ಪಂಚಾಂಗ ತೆರೆದು, ಫಾಲ್ಗುಣ ಶುದ್ಧ ಷಷ್ಠಿ ಪ್ರಯಾಣಕ್ಕೆ ಒಳ್ಳೆಯದೆಂದು ಹೇಳಿದರು. ಸಮುದ್ರರಾಜನಿಗೆ ಅರ್ಪಿಸಲು ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯಬೇಕೆಂದರು. ಹಣ್ಣು ಈ ತೋಟದಿಂದಲೇ ಹೋಯಿತು. ಹಣಮಮ್ಮನವರ ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು. ದವಾಖಾನೆಯ ಡಾಕ್ಟರು ರಜೆ ಕೊಟ್ಟರು, ಆದರೆ ಹೋಳಿ ಹುಣ್ಣಿಮೆಯ ಬೆಳಗ್ಗೆ ತಪ್ಪದೆ ಕೆಲಸಕ್ಕೆ ಬರಬೇಕೆಂದರು. ಆ ಹಬ್ಬಕ್ಕೆ ಕಣ್ಣಿಗೆ ಬಣ್ಣ ಹೋದವರು, ಬೆಂಕಿ ಹಾರಲು ಹೋಗಿ ಕಾಲು ಸುಟ್ಟುಕೊಂಡವರು ಸಾಲುಗಟ್ಟಿ ಬರುತ್ತಿದ್ದರು. ಹಣಮಮ್ಮನವರ ಗಂಡ ದೇವಿಂದ್ರಪ್ಪ ಮಾತ್ರ ಯಾವ ಶರತ್ತೂ ಹಾಕಲಿಲ್ಲ. “ಬರೋವಾಗ ಒಣಮೀನ ತಾ,” ಎಂದರು.

“ಬಾಯಾರ ಬಾಜೂಕ ಕುಂತು ಒಣಮೀನ ತರಬೇಕ?”

“ಬಾಯಾರಗೂ ವಾಸನಿ ಪುಕ್ಕಟ ಸಿಗತದ.”

ಕಾರವಾರದಲ್ಲಿ ಊರಿಗೂ ಸಮುದ್ರಕ್ಕೂ ನಡುವೆ ಇರುವುದು ಒಂದು ರಸ್ತೆ. ಅದನ್ನು ದಾಟಿ, ಗಾಳಿಮರಗಳ ಸಾಲು ಕಳೆದರೆ ಮರಳು. ಜೊತೆಗೆ ಬಂದ ಬಂಡುವೂ ಸೇರಿ ಮೂವರೂ ಲಾಡ್ಜಿನಲ್ಲಿ ಗಂಟು ಇಳಿಸಿ, ಸ್ನಾನ ಮುಗಿಸಿ, ನೇರ ಅಲ್ಲಿಗೆ ಹೋದರು. ಐಸ್‌ಕ್ರೀಮಿನ ಗೂಡಂಗಡಿಗೆ ಬೀಗ ಬಿದ್ದಿತ್ತು. ಎಳನೀರಿನವನು ತನ್ನ ಗಾಡಿಯ ನೆರಳಲ್ಲಿ ಮಲಗಿದ್ದ. ಮೀನುಗಾರರ ದೋಣಿಯೊಂದು ಮರಳಿನ ಮೇಲೆ ವಾಲಿಕೊಂಡಿತ್ತು. ಅದರಾಚೆ ಬಿಸಿಲು, ನೀರು.

“ಹೆಂಗಿತ್ತು?” ಎಂದು ಚಪ್ಪರದಡಿಯ ಒಬ್ಬ ಹೆಂಗಸು ಕೇಳಿದಳು.

ಹಣಮಮ್ಮನವರು ಕೈಯಲ್ಲಿದ್ದ ಎಲೆ ಕೆಳಗಿಟ್ಟರು. “ಜ್ವಾಳದ ಹೊಲ ಗಾಳಿಗೆ ಹೊಯ್ದಾಡತದಲ್ಲ, ಹಂಗ. ಆದ್ರ ಬದುವ ಇಲ್ಲ. ಎಲ್ಲಿ ನೋಡಿದ್ರೂ ಬದುವ ಇಲ್ಲ. ನಾ ಅತ್ತೆ. ಈಕೀನೂ ಅತ್ತಳು. ಬಂಡು ಕಣ್ಣೊರಸಾಕ ಇಬ್ಬರಿಗೂ ಒಂದ ದಸ್ತಿ ಕೊಟ್ಟ.”

ಅತ್ತು ಮುಗಿದ ಮೇಲೆ ಚಪ್ಪಲಿ ಬಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಕೈ ಕೈ ಹಿಡಿದುಕೊಂಡರು. ಭಾಗೀರಥಿಬಾಯಿ ಇನ್ನೊಂದು ಕೈಯಲ್ಲಿ ಬಾಳೆಯ ಚಿಪ್ಪು ಹಿಡಿದು ಸಂಕಲ್ಪ ಹೇಳತೊಡಗಿದರು. ಸಂವತ್ಸರ ಹೇಳಿದರು, ಮಾಸ ಹೇಳಿದರು, ಪಕ್ಷ ಹೇಳಿದರು. ತಿಥಿಯ ಹತ್ತಿರ ಬಂದು ದನಿ ನಿಂತಿತು.

“ಬಂಡು, ಇವತ್ತ ತಿಥಿ ಯಾವುದು?”

“ಸಪ್ತಮಿ. ನಿನ್ನಿ ಷಷ್ಠಿ ಹೊರಡಲಿಕ್ಕೆ ಚಲೋ ಅದ ಅಂತ ಆಯೀನೇ ಪಂಚಾಂಗ ನೋಡ್ಯಾಳ.”

“ಹೊರಡಲಿಕ್ಕೆ ನೋಡೀರಿ. ಮುಟ್ಟಲಿಕ್ಕೆ ಯಾರರೆ ನೋಡೀರೇನು?”

ಅರಳಿಮರವನ್ನೂ ಸಮುದ್ರವನ್ನೂ ಪೂಜಿಸಬೇಕು, ಆದರೆ ಮನಬಂದ ದಿನ ಮುಟ್ಟಬಾರದು ಎಂಬುದು ಭಾಗೀರಥಿಬಾಯಿಯವರಂಥ ಮನೆತನಗಳ ನಡವಳಿಕೆ. ಅರಳಿಗೆ ಶನಿವಾರ, ಸಮುದ್ರಕ್ಕೆ ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ. ಗಾಜಿಪುರದಲ್ಲಿ ಅರಳಿಮರವಿದೆ, ಆದ್ದರಿಂದ ಶನಿವಾರವನ್ನು ಯಾರೂ ಮರೆಯುವುದಿಲ್ಲ. ಸಮುದ್ರವಿಲ್ಲ, ಆದ್ದರಿಂದ ನಿಯಮದ ಉಳಿದರ್ಧ ತಲೆಮಾರುಗಳಿಂದ ಬಳಕೆಯಿಲ್ಲದೆ ಬಿದ್ದಿತ್ತು. ಅದು ಭಾಗೀರಥಿಬಾಯಿಯವರ ನೆನಪಿಗೆ ಬಂದದ್ದು ಅಲೆಯಿಂದ ನಾಲ್ಕು ಮಾರು ದೂರದಲ್ಲಿ. ಅವರು ಹಣಮಮ್ಮನವರ ಕೈಬಿಟ್ಟು, ಹಿಂದಕ್ಕೆ ಸರಿದು, ಮರಳಿನ ಮೇಲೆ ಕೂತುಬಿಟ್ಟರು.

“ಏನಾತ್ರೀ ಬಾಯಾರ?”

“ಹುಣ್ಣಿವಿ ತನಕ ಮುಟ್ಟಬಾರದ್ರೀ, ಬಾಯಾರ.”

“ಯಾರನ್ನ?”

“ಸಮುದ್ರಾನ.”

ಹಣಮಮ್ಮನವರು ಒಮ್ಮೆ ಸಮುದ್ರದ ಕಡೆ ನೋಡಿದರು, ಒಮ್ಮೆ ಗೆಳತಿಯ ಕಡೆ. ಬಂಡು ಹತ್ತಿರವಿದ್ದುದನ್ನೂ ಲೆಕ್ಕಿಸದೆ ಬಹುವಚನ ಬಿಟ್ಟರು. “ಯಾಕವಾ ಭಾಗೀ? ಇದು ಯಾವ ಓಣ್ಯಾಗ ಹುಟ್ಟೇದ?”

ಬಂಡು ಮುಖ ಆಚೆ ತಿರುಗಿಸಿಕೊಂಡು ಗಾಳಿಮರ ನೋಡಿದ. ಭಾಗೀರಥಿಬಾಯಿಗೆ ಮಾತು ತಡವರಿಸಿತು. “ಅದು ಹಂಗಲ್ಲ ಹಣಮೀ. ಇದು ದೊಡ್ಡದು, ದೇವರಂಥಾದ್ದು. ಅದಕ್ಕ ಮುಟ್ಟಬಾರದು.”

“ದೊಡ್ಡದಂತ ಒಂದನ್ನ ಮುಟ್ಟಂಗಿಲ್ಲ, ಸಣ್ಣದಂತ ಒಂದನ್ನ ಮುಟ್ಟಂಗಿಲ್ಲ. ನಿಮ್ಮ ಕೈಗೆ ಮುಟ್ಟಾಕ ಉಳದದ್ದರೆ ಏನವಾ?”

ಇದನ್ನು ಹೇಳುವಾಗ ಚಪ್ಪರದಡಿ ನಗು ಎದ್ದಿತು. ಭಾಗೀರಥಿಬಾಯಿಯೂ ನಕ್ಕರು. ಅಂದು ಮರಳಿನ ಮೇಲೆ ನಕ್ಕಿರಲಿಲ್ಲವೆಂದು ಹಣಮಮ್ಮನವರೇ ತಿಳಿಸಿದರು. ಅಂದು ಅವರ ಮುಖ, ಹಬ್ಬದ ದಿನ ಹೊರಗೆ ಕೂತ ಹುಡುಗಿಯ ಮುಖದಂತೆ ಆಗಿತ್ತಂತೆ. ಅದನ್ನು ನೋಡಿ ಹಣಮಮ್ಮನವರಿಗೆ ಸಿಟ್ಟು ಇಳಿಯಿತು. ತಾವೂ ಪಕ್ಕದಲ್ಲಿ ಕೂತರು.

“ನೀ ಹೋಗು, ನೀ ಕಾಲಿಡು. ನಿನಗೇನು ಅಡ್ಡಿ?” ಎಂದರು ಭಾಗೀರಥಿಬಾಯಿ.

“ಕೂಡಿ ಇಡೋದಂತ ಮಾತಾಗೇದ.”

“ಆ ಮಾತ ಬಿಡು.”

“ನೀ ನಿನ್ನ ಪಂಚಾಂಗ ಬಿಡು, ನಾ ನನ್ನ ಮಾತ ಬಿಡತೀನಿ.”

ಇಬ್ಬರೂ ಬಿಡಲಿಲ್ಲ. ಹೀಗಾಗಿ ಕಲಬುರಗಿಯಿಂದ ಅಷ್ಟು ದೂರ ಬಂದ ಇಬ್ಬರು ಹೆಂಗಸರು ದಿನವೂ ಬೆಳಗ್ಗೆ, ಸಂಜೆ, ಸಮುದ್ರದೆದುರು ಒಣ ಮರಳಿನ ಮೇಲೆ ಒಣಗಾಲಲ್ಲಿ ಕೂರತೊಡಗಿದರು. ಅಲೆ ಏರಿ ಬಂದರೆ ಇಬ್ಬರೂ ಚಪ್ಪಲಿ ಎತ್ತಿಕೊಂಡು ಹಿಂದೆ ಸರಿಯುವರು, ಇಳಿದರೆ ಮತ್ತೆ ಮುಂದೆ ಬರುವರು. ಮೀನು ಒಣಗಿಸಲು ಬಂದ ಹೆಂಗಸರು ಇದನ್ನು ನೋಡಿ, ಇವರಿಗೆ ನೀರು ಕಂಡರೆ ಭಯವೆಂದುಕೊಂಡು, ಕೊಂಕಣಿಯಲ್ಲಿ ಧೈರ್ಯ ಹೇಳಿದರು. ಭಾಗೀರಥಿಬಾಯಿ ಮರಾಠಿಯಲ್ಲಿ ಕಾರಣ ವಿವರಿಸಿದರು. ಅವರಲ್ಲೊಬ್ಬ ಮುದುಕಿ ಎಲ್ಲವನ್ನೂ ಕೇಳಿ, ತನ್ನ ಬುಟ್ಟಿಯ ಕಡೆ ಕೈ ತೋರಿಸಿ ಏನೋ ಅಂದಳು.

“ಏನಂತಾಳ?” ಎಂದರು ಹಣಮಮ್ಮ.

“ಹುಣ್ಣಿವಿ ನೋಡಿಕೋತ ಕುಂತರ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ಲ ಅಂತಾಳ.”

“ಶಾಣ್ಯಾಕಿ. ಮೀನ ಈಕಿ ಕಡೇನ ತಗೋತೀನಿ.”

ಲಾಡ್ಜಿನ ಮಾಲೀಕರು ಮುಕುಂದ ಕಾಮತ್ ಎಂಬವರು. ಗಿರಾಕಿಗಳಿಲ್ಲದ ಕಾಲವಾದ್ದರಿಂದ ಕಿಟಕಿಗಳಿಗೆ ಬಣ್ಣ ಬಳಿಸುತ್ತಿದ್ದರು; ಗಾದಿಗಳನ್ನೆಲ್ಲ ಮಾಳಿಗೆಯ ಬಿಸಿಲಿಗೆ ಹಾಸಿದ್ದರು. ಇಡೀ ಕಟ್ಟಡದಲ್ಲಿ ಇದ್ದವರು ಈ ಮೂವರೇ. ಆದ್ದರಿಂದ ಅವರು ತಾವೇ ಚಹಾ ತಂದು, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂರುವರು. ವಿಷಯ ತಿಳಿದಾಗ ತಲೆಯಾಡಿಸಿದರು.

“ಸರಿಯೇ ಬಾಯಿ. ನಮ್ಮ ಅಜ್ಜಿ ಇಲ್ಲೇ ಹುಟ್ಟಿ ಇಲ್ಲೇ ಸತ್ತವಳು, ಅವಳೂ ಪರ್ವದ ದಿನ ಬಿಟ್ಟು ಸಮುದ್ರಕ್ಕೆ ಇಳಿದವಳಲ್ಲ. ಅದಕ್ಕೇನು, ಹುಣ್ಣಿಮೆ ತನಕ ಇದ್ದುಬಿಡಿ. ಕೋಣೆ ಖಾಲಿಯೇ ಇದೆ. ನೀವು ಹೋದರೆ ನನಗೆ ಮಾತಿಗೂ ಜನ ಇಲ್ಲ.”

ಆಮೇಲೆ ಕೋಣೆಯಲ್ಲಿ ಈ ಮಾತೇ ನಡೆಯಿತು. ಭಾಗೀರಥಿಬಾಯಿ ಉಳಿದರೆ ನಿಯಮಪ್ರಕಾರ ಹುಣ್ಣಿಮೆಯ ದಿನ ಸಮುದ್ರಸ್ನಾನವಾಗುತ್ತದೆ. ಆದರೆ ಆ ಹೊತ್ತಿಗೆ ಹಣಮಮ್ಮನವರು ಕಮಲಾಪುರದಲ್ಲಿ ಯಾರದೋ ಕಣ್ಣು ತೊಳೆಯುತ್ತಿರುತ್ತಾರೆ. ಇಬ್ಬರೂ ಕೂಡಿ ಕಾಲಿಡಬೇಕಾದರೆ ಅದಕ್ಕೆ ಮುಂಚೆಯೇ ಆಗಬೇಕು, ಮುಂಚೆ ಮುಟ್ಟುವಂತಿಲ್ಲ. ಇನ್ನೊಮ್ಮೆ ಬಂದರಾಯಿತು ಎಂದು ಬಂಡು ಅಂದ. ಆ ವಯಸ್ಸಿನಲ್ಲಿ ಇನ್ನೊಮ್ಮೆ ಎಂಬುದಕ್ಕೆ ಏನರ್ಥವೆಂದು ಇಬ್ಬರಿಗೂ ಗೊತ್ತಿತ್ತು.

“ನೀ ಇರು ಭಾಗೀ,” ಎಂದರು ಹಣಮಮ್ಮ. “ನಾ ಬಸ್ಸಿಗೆ ಹೋಗತೀನಿ. ಬಂಡು ಇರತಾನ ಜೋಡಿಗೆ. ನಾ ನೋಡೀನಲ್ಲ, ಸಾಕು.”

“ನೋಡಲಿಕ್ಕಷ್ಟೇ ಬಂದಿದ್ದೇನು ನೀ?”

“ನೋಡೂದು ಸಣ್ಣದೇನು?”

ಇತ್ತ ಬಾಳೆಹಣ್ಣು ಕಾಯಲಿಲ್ಲ. ಕೆಂಪು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದವು, ಕೋಣೆಯೆಲ್ಲ ಘಮಘಮಿಸಿತು. ದಿನಕ್ಕಿಷ್ಟು ಮೆತ್ತಗಾದವನ್ನು ಹಣಮಮ್ಮನವರು ಸುಲಿದು, “ಇದು ಸಮುದ್ರದ ಪಾಲು,” ಎಂದು ತಾವೊಂದು ತಿಂದು, “ಇದೂ ಸಮುದ್ರದ್ದ,” ಎಂದು ಬಂಡುವಿಗೊಂದು, ಕಾಮತರಿಗೊಂದು ಕೊಡುವರು. ಇಂಥ ಹಣ್ಣು ತಾವು ತಿಂದೇ ಇಲ್ಲವೆಂದು ಕಾಮತರು ಎರಡೆರಡು ಸಲ ಹೇಳಿದರು. ಭಾಗೀರಥಿಬಾಯಿ ಮಾತ್ರ ಅರ್ಪಣೆಗೆ ತಂದದ್ದೆಂದು ಮುಟ್ಟಲಿಲ್ಲ. ಹೊರಡುವ ದಿನದ ಹೊತ್ತಿಗೆ ಚಿಪ್ಪಿನಲ್ಲಿ ಉಳಿದದ್ದು ಒಂದು ಹಣ್ಣು.

ಅಂದು ತ್ರಯೋದಶಿ. ಬಸ್ಸು ಮಧ್ಯಾಹ್ನಕ್ಕೆ. ಹಣಮಮ್ಮನವರ ಚೀಲದೊಳಗೆ ಒಣಮೀನಿನ ಪೊಟ್ಟಣ ಸೇರಿತ್ತು. ಭಾಗೀರಥಿಬಾಯಿಯವರದು ಉಳಿಯುವುದೋ ಹೊರಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ಅವರ ಗಂಟು ಅರ್ಧ ಕಟ್ಟಿದ ಹಾಗೆಯೇ ಮಂಚದ ಮೇಲಿತ್ತು. ಬೆಳಗಿನ ಬಿಸಿಲಲ್ಲಿ ಇಬ್ಬರೂ ಕೊನೆಯ ಸಲ ಮರಳಿಗೆ ಬಂದರು. ಬಂಡು ಎಳನೀರಿನವನನ್ನು ಎಬ್ಬಿಸಲು ಹೋಗಿದ್ದ.

ಹಣಮಮ್ಮನವರು ಸ್ವಲ್ಪ ಹೊತ್ತು ಕೂತಿದ್ದು, ಗೆಳತಿಯ ಪಕ್ಕದಲ್ಲಿದ್ದ ತಾಮ್ರದ ತಂಬಿಗೆ ಎತ್ತಿಕೊಂಡು ಎದ್ದರು.

“ಎಲ್ಲಿಗೆ?”

“ಮುಟ್ಟಬ್ಯಾಡ ಅಂದಾರ. ತರಬ್ಯಾಡ ಅಂದಾರೇನು?”

ಅಲೆಯ ಅಂಚಿನಲ್ಲಿ, ಒದ್ದೆ ಮರಳಿನಿಂದ ಒಂದು ಹೆಜ್ಜೆ ಈಚೆ ನಿಂತು, ಬಗ್ಗಿ, ಕೈ ಚಾಚಿ, ನೀರು ಬಂದ ಕ್ಷಣದಲ್ಲಿ ತಂಬಿಗೆ ಅದ್ದಿ ಹಿಂದಕ್ಕೆ ನೆಗೆದರು. ಕಾಲು ಒದ್ದೆಯಾಗಲಿಲ್ಲ. ಮಾತು ಮಾತೇ. ಆದರೆ ಬಗ್ಗಿದ ಭಂಗಿಗೆ ಮುಂದಕ್ಕೆ ಮುಗ್ಗರಿಸಿ ಬೀಳುವುದೊಂದು ಬಾಕಿಯಿತ್ತೆಂದು, ಮೀನಿನ ಹೆಂಗಸರು ಕೂಗಿದರೆಂದು, ಹಣಮಮ್ಮನವರು ಎದ್ದು ನಿಂತು ಅಭಿನಯಿಸಿ ತೋರಿಸಿದರು. ಚಪ್ಪರದಡಿಯವರು ಗೊನೆ ಕೆಳಗಿಟ್ಟು ನಕ್ಕರು.

ತಂಬಿಗೆ ತುಂಬಿಕೊಂಡು ಹಿಂದಿರುಗಿ, “ಏಳು. ಕೈ ಒಡ್ಡು,” ಎಂದರು.

ಭಾಗೀರಥಿಬಾಯಿ ಎದ್ದರು. ಅವರಿಗೂ ಇದು ಸರಿಯೆನಿಸಿತು. ತಂದ ನೀರಿಗೆ ತಿಥಿಯ ತೊಡಕಿಲ್ಲ. ಬಾವಿಯಿಂದ ಸೇದಿದ ಹಾಗೆ, ಅದು ತಂಬಿಗೆಯ ನೀರು. ಅವರು ಬೊಗಸೆ ಒಡ್ಡಿದರು. ಹಣಮಮ್ಮನವರು ಪಕ್ಕದಲ್ಲಿ ವಾಲಿದ್ದ ದೋಣಿಯ ಅಂಚನ್ನು ಏರಿ ನಿಂತು, ತಂಬಿಗೆಯನ್ನು ತಲೆಯ ಮಟ್ಟಕ್ಕೆ ಎತ್ತಿ, ಅಲ್ಲಿಂದ ಸಾವಕಾಶವಾಗಿ ಸುರಿದರು.

“ಅಷ್ಟು ಮ್ಯಾಲ ಯಾಕ ಹೋದ್ರಿ ಅತ್ತಿ?” ಎಂದು ಗುಂಡಮ್ಮ ನಡುವೆ ಕೇಳಿದಳು. “ಚುಚ್ಚಬೇಕಂತ ಮಾಡಿದ್ರೇನು?”

“ಇಲ್ಲವಾ. ನಾ ಬೇಕಂತ ಮಾಡಿಲ್ಲ. ಮುಟ್ಟಬಾರದು ಅನ್ನೋ ನೀರ ಹೆಂಗ ಸುರೀಬೇಕಂತ ನನಗ ಗೊತ್ತಿದ್ದದ್ದು ಅದೊಂದ ರೀತಿ. ಕಾಲು ತಾನ ಏರಿತು, ಕೈ ತಾನ ಮ್ಯಾಲ ಹೋತು.”

ನೀರು ಬೊಗಸೆಗೆ ಬಿತ್ತು. ಅರ್ಧ ನಿಂತಿತು, ಅರ್ಧ ಮೊಣಕೈಗುಂಟ ಹರಿದು ಮರಳಿಗೆ ಇಳಿಯಿತು. ಭಾಗೀರಥಿಬಾಯಿ ಬೊಗಸೆಯ ನೀರನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ, ತಲೆಗೆ ಚಿಮುಕಿಸಿಕೊಳ್ಳಲಿಲ್ಲ. ತಮ್ಮ ಒದ್ದೆ ಮೊಣಕೈ ನೋಡಿದರು. ಕತ್ತೆತ್ತಿ ತಂಬಿಗೆ ನೋಡಿದರು.

“ಇಷ್ಟು ಮ್ಯಾಲಿಂದ ಬೀಳತಿತ್ತೇನು ಹಣಮೀ?”

“ನೀ ಇನ್ನೂ ಮ್ಯಾಲ ನಿಂದರತಿದ್ದಿ. ಬಾವಿಕಟ್ಟಿ ಈ ದೋಣಿಗಿಂತ ಎತ್ತರ.”

ಭಾಗೀರಥಿಬಾಯಿ ಬೊಗಸೆ ಬಿಟ್ಟರು. ಉಳಿದ ನೀರೂ ಮರಳಿಗೆ ಹೋಯಿತು. “ಇಳಿ,” ಎಂದರು.

“ಇನ್ನೂ ಅರ್ಧ ತಂಬಿಗಿ ಅದ.”

“ಇಳೀ ಅಂದೆ.”

ಹಣಮಮ್ಮನವರು ಇಳಿದರು. ಭಾಗೀರಥಿಬಾಯಿ ತಂಬಿಗೆ ಕಿತ್ತುಕೊಂಡು ಮರಳಿಗೆ ಒತ್ತಿಟ್ಟು, ಅವರ ಮಣಿಕಟ್ಟು ಹಿಡಿದು, ಸಮುದ್ರದ ಕಡೆ ನಡೆದರು. ಸೆರಗು ಸಿಕ್ಕಿಸಲಿಲ್ಲ, ಚಪ್ಪಲಿ ಬಿಡುವುದನ್ನೂ ಮರೆತರು.

“ಭಾಗೀ, ಹುಣ್ಣಿವಿಗೆ ಇನ್ನೂ ಎರಡು ದಿನ ಅದ.”

“ಅದ.”

“ನಿಮ್ಮಕ್ಕ ಕೇಳಿದ್ರ?”

“ಸುಮ್ಮ ಬಾರ ಹಣಮೀ. ಸಮುದ್ರಕ್ಕ ನಾ ಹೇಳಿಕೋತೀನಿ.”

ಇಲ್ಲಿ ಎರಡು ಪಾಠಗಳು ಬೇರೆಯಾಗುತ್ತವೆ. ಗಾಜಿಪುರದಲ್ಲಿ ಬಂಡು ಹೇಳುವ ಪ್ರಕಾರ, ಇಬ್ಬರೂ ದೋಣಿಯ ಬಳಿ ನಿಂತಿದ್ದಾಗ ಎಲ್ಲಿಂದಲೋ ಒಂದು ದೊಡ್ಡ ತೆರೆ ತಾನಾಗಿ ಎದ್ದು ಬಂದು ಇಬ್ಬರ ಪಾದವನ್ನೂ ತೊಯ್ಯಿಸಿತು. ಮಾವಶಿ ಸಮುದ್ರವನ್ನು ಮುಟ್ಟಲಿಲ್ಲ, ಸಮುದ್ರವೇ ಮಾವಶಿಯನ್ನು ಮುಟ್ಟಿತು. ಹಣಮಮ್ಮನವರ ಪಾಠದಲ್ಲಿ ಆ ತೆರೆ ಇಲ್ಲ. ಅವರ ಪ್ರಕಾರ ಅಂದು ಇಳಿತವಿತ್ತು, ನೀರು ದೂರ ಹೋಗಿತ್ತು, ಇಬ್ಬರೂ ಬಹಳ ದೂರ ನಡೆಯಬೇಕಾಯಿತು.

ನೀರಿನ ಅಂಚಿಗೆ ಬಂದಾಗ ಹಣಮಮ್ಮನವರು ತಡೆದರು. “ನಿಂದರು. ಕೂಡಿ.” ಇಬ್ಬರೂ ಕಾಲು ಜೋಡಿಸಿ ನಿಂತರು. ಬಲಗಾಲೋ ಎಡಗಾಲೋ ಎಂಬ ಚರ್ಚೆ ಸ್ವಲ್ಪ ನಡೆಯಿತು. ಆಮೇಲೆ ಇಟ್ಟರು.

ನೀರು ಬೆಚ್ಚಗಿತ್ತು. ಕಾಲಡಿಯ ಮರಳು ಸರಿಯಿತು. ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡರು. ಭಾಗೀರಥಿಬಾಯಿಯವರ ಒಂದು ಚಪ್ಪಲಿ ಅಲ್ಲಿಯೇ ಹೋಯಿತು. “ಅರ್ಪಣಾ ಆತು ಬಿಡು,” ಎಂದರು ಹಣಮಮ್ಮ. ಆಗ ಹಣ್ಣಿನ ನೆನಪು ಬಂತು. ಭಾಗೀರಥಿಬಾಯಿ ಸೆರಗಿನ ಗಂಟಿನಿಂದ ಆ ಕೊನೆಯ ಹಣ್ಣು ತೆಗೆದರು. ಅದು ಪೂರ್ತಿ ಮೆತ್ತಗಾಗಿತ್ತು. ಸಂಕಲ್ಪ ಮತ್ತೆ ಹೇಳಿದರು. ತಿಥಿಯ ಹತ್ತಿರ ಬಂದಾಗ ನಿಲ್ಲಲಿಲ್ಲ, ತ್ರಯೋದಶಿ ಎಂದು ಸ್ಪಷ್ಟವಾಗಿ ಹೇಳಿದರು. ಹಣ್ಣು ಮುರಿದು ಒಂದು ಭಾಗ ನೀರಿಗೆ ಬಿಟ್ಟರು, ಒಂದು ಹಣಮಮ್ಮನವರ ಕೈಗಿಟ್ಟರು, ಉಳಿದದ್ದನ್ನು ತಾವು ತಿಂದರು.

ಎಳನೀರು ಹಿಡಿದುಕೊಂಡು ಬಂದ ಬಂಡು ದೋಣಿಯ ಬಳಿ ನಿಂತು ಇದನ್ನೆಲ್ಲ ನೋಡಿದ. ಹತ್ತಿರ ಬರಲಿಲ್ಲ, ಕರೆಯಲಿಲ್ಲ. ಹಿಂದಿರುಗಿದ ಮೇಲೆ ಕೇಳಿದ್ದು ಒಂದೇ: “ಮಾವಶಿ, ಮೂರೂ ಟಿಕೀಟ ಇರಲೋ, ಎರಡನ್ನ ರದ್ದು ಮಾಡಿಸಲೋ?”

“ಮೂರೂ ಇರಲಿ. ಒಂದ ಸೀಟಿನ್ಯಾಗ ನಾವಿಬ್ಬರೂ ಕೂಡತೀವಿ. ಮೀನಿನ ಚೀಲ ನಿನ್ನ ತೊಡಿಮ್ಯಾಲ.”

ಅದೇ ಚೀಲ ಹುಬ್ಬಳ್ಳಿ ದಾಟುವ ಹೊತ್ತಿಗೆ ಬಸ್ಸಿನವರೆಲ್ಲರ ಮೂಗಿಗೆ ಮುಟ್ಟಿತು. ಕಂಡಕ್ಟರ್ ಬಂದು ಯಾರದೆಂದು ವಿಚಾರಿಸಿದಾಗ, ಹಣಮಮ್ಮನವರು ಬಾಯಿ ತೆರೆಯುವ ಮೊದಲೇ ಭಾಗೀರಥಿಬಾಯಿ, ಹಣೆಯ ಮೇಲೆ ವೈಷ್ಣವರ ಅಂಗಾರ ಅಕ್ಷತೆ ಇದ್ದ ಬಂಡುವಿನ ಕಡೆ ಬೆರಳು ತೋರಿಸಿದರಂತೆ. ಈ ಭಾಗ ಬಂಡುವಿನ ಪಾಠದಲ್ಲಿ ಇಲ್ಲ.

ಹಣಮಮ್ಮನವರು ಕಥೆ ನಿಲ್ಲಿಸಿದಾಗ ಗೊನೆಗಳೂ ಮುಗಿಯುತ್ತ ಬಂದಿದ್ದವು. ಮಹಾದೇವಪ್ಪ ಕೊನೆಯದಕ್ಕೆ ಹುರಿ ಬಿಗಿಯುತ್ತ, “ಅಲ್ರೀ ಟೀಚರಬಾಯಿ,” ಎಂದ. “ನಾ ಗಾಜಿಪುರಕ್ಕ ಹಣ್ಣ ಕೊಡಾಕ ಬಂದಾಗ ಬಂಡು ಬ್ಯಾರೆ ಹೇಳಿದ್ದರಲ್ಲ. ತೆರಿ ತಾನ ಬಂದು ಮುಟ್ಟಿತಂತ. ಯಾವುದು ಖರೆ?”

ಎಲ್ಲರೂ ಭಾಗೀರಥಿಬಾಯಿಯವರ ಕಡೆ ನೋಡಿದರು. ಹಣಮಮ್ಮನವರು ಮಾತ್ರ ನೋಡಲಿಲ್ಲ. ಮಡಿಲಲ್ಲಿದ್ದ ಎಲೆಯ ಚೂರು ಆರಿಸುತ್ತ ಕೂತರು. ಅವರು ಈ ಕಥೆಯನ್ನು ಅಷ್ಟು ವರ್ಷ ಯಾರೆದುರೂ ಹೇಳಿರಲಿಲ್ಲ. ಹೇಳಬಹುದೆಂದು ಅಂದು ಮಧ್ಯಾಹ್ನ ಭಾಗೀರಥಿಬಾಯಿಯವರೇ ಅಂದಿದ್ದರಂತೆ.

“ತೆರಿ ಅಕ್ಕನ ಸಲುವಾಗಿ ಬಂದದ್ದು,” ಎಂದರು ಭಾಗೀರಥಿಬಾಯಿ. “ನಾನೇ ಹೋಗಿ ಮುಟ್ಟಿದೆ ಅಂದಿದ್ದರ ಆಕಿ ನನಗೇನೂ ಅಂತಿದ್ದಿಲ್ಲ. ನನ್ನ ಪಾಲಿನ ಪ್ರಾಯಶ್ಚಿತ್ತದ ಉಪವಾಸ ತಾನೇ ಹಿಡೀತಿದ್ದಳು. ಅದಕ್ಕ ಬಂಡು ಮನಿ ಮೆಟ್ಟಲ ಹತ್ತೋದರಾಗ ಒಂದು ತೆರಿ ಎಬ್ಬಿಸಿದ. ಅಕ್ಕ ಕೇಳಿ ಕೈ ಮುಗದಳು. ಊರೆಲ್ಲಾ ಕರದು ಹೇಳಿದಳು, ನಮ್ಮ ಭಾಗೀರಥಿ ಪುಣ್ಯಾ ನೋಡ್ರಿ, ಸಮುದ್ರನೇ ಎದ್ದು ಬಂತು ಅಂತ. ಇರೋತನಕ ಹೇಳಿದಳು.”

ಮಥುರಾಬಾಯಿಯವರು ಅದಕ್ಕೆ ಹಿಂದಿನ ದೀಪಾವಳಿಗೆ ತೀರಿಕೊಂಡಿದ್ದರು.

“ಅಂದ್ರ ತೆರಿ ಬರಲಿಲ್ಲ?” ಎಂದಳು ಗುಂಡಮ್ಮ.

“ಇಲ್ಲ. ನಾನೇ ಹೋಗಿದ್ದೆ. ಹಣಮಿ ಕೈ ಹಿಡಕೊಂಡು.”

ನಾಲ್ಕು ಜನರೆದುರು ಅವರು ಆ ಹೆಸರಿಂದ ಕರೆದದ್ದು ಅದೇ ಮೊದಲು. ಹಣಮಮ್ಮನವರು ಮಡಿಲು ಕೊಡವಿ ಎದ್ದರು. “ಬಾರ ಭಾಗೀ, ಕಲಬುರಗಿ ಬಸ್ಸ ಹೋಗೇದ. ಮನ್ಯಾಗ ಜ್ವಾಳದ ರೊಟ್ಟಿ ಅದ, ಬದನೀಕಾಯಿ ಅದ. ಮೀನ ಇಲ್ಲ, ಅಂಜಬ್ಯಾಡ.”

ಮಹಾದೇವಪ್ಪ ಚಪ್ಪರದ ದೀಪ ತೆಗೆದುಕೊಂಡ. ಹೆಂಗಸರು ಬಾವಿಯ ಬಳಿಯ ನಳದಲ್ಲಿ ಬಾಳೆಯ ಸೊನೆ ಹತ್ತಿದ ಕೈ ತೊಳೆದುಕೊಂಡು, ತಲೆಗೊಂದು ಹಣ್ಣು ಸೆರಗಿಗೆ ಕಟ್ಟಿಕೊಂಡು, ಓಣಿಯ ಕಡೆ ಹೊರಟರು. ಗುಂಡಮ್ಮ ಒಲೆ ಹಚ್ಚಬೇಕೆಂದು ಮುಂದೆ ನಡೆದಳು. ಇಬ್ಬರು ಬಾಯಿಗಳು ಹಿಂದೆ, ಕಾಲುದಾರಿ ಕಿರಿದಾಗಿದ್ದರೂ ಒತ್ತರಿಸಿಕೊಂಡು ಜೊತೆಯಾಗಿಯೇ ಹೋದರು.